ಹಳದಿ ಕಲ್ಲು ಹೊತ್ತ ಗೌಸಸಾಬ

ಗೌಸಸಾಬನಿಗೆ ನೀರಿನ ಹುಚ್ಚು. ನಮ್ಮೂರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚಿದೆ. ಸಂಗಪ್ಪನಿಗೆ ಎತ್ತಿನದು, ನನಗೆ ಮಾತಿನದು ಎಂದು ಜನ ಹೇಳುತ್ತಾರೆ. ಹೇಳಲಿ, ಶಾಲೆಯಲ್ಲಿ ಜೀವನಪೂರ್ತಿ ಮಾತಾಡಿದವನು ನಿವೃತ್ತನಾದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳಲು ಆಗುತ್ತದೆಯೇ?

ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರು ನಮ್ಮೂರ ಹೊಲಗಳ ತುದಿಗೆ ಬಂದು ನಿಲ್ಲುತ್ತದೆ. ಗೌಸಸಾಬನ ಅಪ್ಪ ಅಲ್ಲಿ ದೋಣಿ ಇಟ್ಟಿದ್ದ. ಅಪ್ಪನ ಕಾಲಕ್ಕೇ ಇವನೂ ಹುಟ್ಟು ಹಿಡಿದ. ಆಚೆ ದಂಡೆಯ ಹೊಲಕ್ಕೆ ಹೋಗುವವರು, ಬೀಗರ ಊರಿಗೆ ಹೊರಟವರು, ತವರಿಂದ ಬರುವ ಹೆಣ್ಣುಮಕ್ಕಳು, ಎಲ್ಲರೂ ಅವನ ದೋಣಿಯಲ್ಲೇ ಬಂದಿಳಿಯುತ್ತಿದ್ದರು. ರಸ್ತೆಯಾಗಿ ಬಸ್ಸು, ಟಂಟಂ ಓಡತೊಡಗಿದ ಮೇಲೆ ದೋಣಿ ಕೇಳುವವರಿಲ್ಲದೆ ಅವನು ಮೀನಿನ ಬಲೆ ಹಿಡಿದ. ಬಲೆ ತುಂಬ ಮೀನು ಬಂದರೂ ಅವನ ಮುಖ ಅರಳುತ್ತಿರಲಿಲ್ಲ.

"ಮೀನ ಮಾತಾಡೂದಿಲ್ಲರಿ ಮಾಸ್ತರ್ರ," ಅನ್ನುತ್ತಿದ್ದ. "ನಮ್ಮ ದಂಡಿಗೆ ಮಂದಿ ಬಂದ ಇಳೀಬೇಕ್ರಿ. ಬಂದ್ರಿ? ಆರಾಮ ಅದೀರಿ? ಅಂತ ಕೇಳಬೇಕು. ಅದ ನಿಂತ ಹೋತ ನೋಡ್ರಿ."

ಹೀಗಿರುವಾಗ, ಹೋದ ವರ್ಷ ಮಳೆಗಾಲ ಮುಗಿದು ನೀರು ತುಂಬಿ ನಿಂತಿದ್ದಾಗ, ಬೆಳಗಾವಿಯಿಂದ ಪ್ರಜ್ಞಾ ಎಂಬ ಹುಡುಗಿ ಬಂದಳು. ಹಿನ್ನೀರಿನ ಸುತ್ತ ಒಂದು ನೀರಿನ ದಾರಿ ಮಾಡುವುದು ಅವಳ ಸಂಸ್ಥೆಯ ಕೆಲಸ. ಬಂದವರು ಸಣ್ಣ ದೋಣಿಗಳಲ್ಲಿ ತಾವೇ ಹುಟ್ಟು ಹಾಕುತ್ತ ದಂಡೆಗುಂಟ ಸಾಗಬೇಕು, ಒಂದೂರಲ್ಲಿ ಇಳಿದು ಉಣ್ಣಬೇಕು, ಇನ್ನೊಂದೂರಲ್ಲಿ ಮಲಗಬೇಕು. ಎಲ್ಲಿ ಇಳಿಯಬೇಕೆಂದು ತಿಳಿಯಲು ಪ್ರತಿ ಊರಿನ ದಂಡೆಗೂ ಒಂದು ಬಣ್ಣದ ಕಲ್ಲು. ನಮ್ಮೂರಿನದು ಊಟದ ತಾಣ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಯ ಹೊಣೆಯನ್ನು ಗೌಸಸಾಬನ ಹೆಂಡತಿ ಬಾನುಬಿ ವಹಿಸಿಕೊಂಡಳು. ಗೌಸಸಾಬನಿಗಂತೂ ಕಾಲು ನೆಲದ ಮೇಲಿರಲಿಲ್ಲ.

ಕಲ್ಲಿಗೆ ಯಾವ ಬಣ್ಣ ಎಂದು ಪ್ರಜ್ಞಾ ಕೇಳಿದಾಗ ಉತ್ತರ ಕೊಟ್ಟವನೂ ಅವನೇ. "ಹಳದಿ ಹಚ್ಚೂಣ್ರಿ ಮೇಡಮ್ಮಾರ. ನೀಲಿ ಹಚ್ಚಿದ್ರ ನೀರಾಗ ನೀರ ಆಗತೈತಿ." ನಾನೂ ಹೌದೆಂದೆ. ಸಂಸ್ಥೆಯವರು ನಕಾಶೆಯಲ್ಲೂ ಹಾಗೇ ಬರೆಸಿದರು: ಹಳದಿ ಕಲ್ಲು ಕಂಡಲ್ಲಿ ದಂಡೆಗೆ ಬನ್ನಿ. ಗೌಸಸಾಬ ತನ್ನ ಹಿತ್ತಲಲ್ಲಿದ್ದ ಒಂದು ಗುಂಡು ಕಲ್ಲನ್ನು ತಾನೇ ಹೊತ್ತು ತಂದು, ದಂಡೆಯ ಬೇವಿನ ಮರದ ಕೆಳಗಿಟ್ಟು, ಮುತುವರ್ಜಿಯಿಂದ ಹಳದಿ ಬಳಿದ.

ಬೇವಿನ ಮರ, ಅದರ ಬುಡದಲ್ಲಿ ಹಳದಿ ಬಳಿದ ಗುಂಡು ಕಲ್ಲು, ಪಕ್ಕದಲ್ಲೇ ಉಗರಗೋಳ ಊರನ್ನು ಹಾದು ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ ದಾರಿ. ಇಷ್ಟು ಸೇರಿದರೆ ನಮ್ಮ ಸೀಮೆಯಲ್ಲಿ ಏನಾಗುತ್ತದೆಂದು ತೊಟ್ಟಿಲ ಕೂಸಿಗೂ ಗೊತ್ತು. ನಮಗೆ ಹೊಳೆಯಲಿಲ್ಲ.

ಬನದ ಹುಣ್ಣಿಮೆಗೆ ಗುಡ್ಡಕ್ಕೆ ಹೊರಟ ಚಕ್ಕಡಿಗಳು ಎತ್ತಿಗೆ ನೀರು ಕುಡಿಸಲು ನಮ್ಮ ದಂಡೆಯಲ್ಲಿ ನಿಂತವು. ಯಾರೋ ಒಬ್ಬ ತಾಯಿ ಕಲ್ಲಿಗೆ ಅರಿಶಿನದ ಭಂಡಾರ ಹಚ್ಚಿ ಕೈಮುಗಿದಳು. ಹಿಂದಿನವಳು ಕುಂಕುಮ ಇಟ್ಟಳು. ಇನ್ನೊಬ್ಬಳು ಹಸಿರು ಬಳೆ ಇಟ್ಟು ಕಾಯಿ ಒಡೆದಳು. ಹುಣ್ಣಿಮೆ ಮುಗಿಯುವಷ್ಟರಲ್ಲಿ ದೇವಿಗೆ "ದಂಡಿ ಯಲ್ಲವ್ವ" ಎಂದು ಹೆಸರೂ ಬಿದ್ದಿತ್ತು. ನಮ್ಮೂರ ಹಿರಿಯಳು ಲಗಮವ್ವ ದಿನಾ ಸಂಜೆ ದೀಪ ಹಚ್ಚತೊಡಗಿದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗೌಸಸಾಬ ನಗಲಿಲ್ಲ. ಅಂದಿನಿಂದ ಆ ಮರದ ಹತ್ತಿರ ಬಂದಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದೂರದಿಂದ ಬಳಸಿಕೊಂಡು ಹೋಗುತ್ತಿದ್ದ.

ನಗು ಹೆಚ್ಚು ದಿನ ಉಳಿಯಲಿಲ್ಲ. ಕಾಲುವೆಗೆ ನೀರು ಬಿಡುತ್ತ ಹೋದಂತೆಲ್ಲ ಹಿನ್ನೀರು ಹಿಂದೆ ಸರಿಯಿತು. ಮೊದಲ ತಂಡ ಬರುವ ಮುಂಚೆ ನೋಡಿಕೊಂಡು ಹೋಗಲು ಪ್ರಜ್ಞಾ ಬಂದಾಗ ಕಲ್ಲಿಗೂ ನೀರಿಗೂ ನಡುವೆ ಬರೀ ರಾಡಿ. ಕಲ್ಲು ನೋಡಿ ನೇರ ಬಂದವರು ಮೊಣಕಾಲುದ್ದ ಹೂತುಕೊಳ್ಳುವುದು ಖಂಡಿತ. ಆದರೆ ಎಡಕ್ಕೆ ಸ್ವಲ್ಪ ದೂರದಲ್ಲಿ, ಮುಳುಗಿದ ಹಳೇ ಊರಿನ ಕಲ್ಲುಹಾಸಿನ ದಾರಿ ನೀರಿನಿಂದ ಎದ್ದಿತ್ತು. ಅಲ್ಲಿ ಗಟ್ಟಿ ನೆಲ. ಇಳಿಯಲು ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ.

"ಕಾಕಾ, ಕಲ್ಲನ್ನ ಅಲ್ಲಿಗೆ ಇಟ್ರ ಸಾಕರಿ," ಎಂದಳು ಪ್ರಜ್ಞಾ.

ಗೌಸಸಾಬ ಮರದತ್ತ ನೋಡಿದ. ನಾನೇ ನಡುವೆ ಬಾಯಿ ಹಾಕಿದೆ. "ಅಲ್ಲಿ ಇನ್ನೊಂದು ಕಲ್ಲಿಗೆ ಹಳದಿ ಹಚ್ಚಿದ್ರಾತು."

"ಎರಡೂ ಕಾಣಸ್ತಾವಲ್ಲರಿ ಸರ್. ದೂರದಿಂದ ಮರದ ಕೆಳಗಿನ ಕಲ್ಲ ಮೊದಲ ಕಾಣಸ್ತದ. ಹೊಸಬ್ರು ಅದಕ್ಕ ಬರ್ತಾರ, ರಾಡ್ಯಾಗ ಸಿಕ್ಕೋತಾರ." ಅವಳಿಗೂ ಬೇಸರವಾಗಿತ್ತು. ಆದರೂ ಹೇಳಲೇಬೇಕಾದದ್ದನ್ನು ಹೇಳಿದಳು. ಕಲ್ಲು ಸರಿಯದಿದ್ದರೆ ನಮ್ಮೂರನ್ನು ಬಿಟ್ಟು ದೋಣಿಗಳು ನೇರ ಮುಂದಿನೂರಿಗೆ ಹೋಗಬೇಕಾಗುತ್ತದೆ.

ಅವಳು ಹೋದ ಮೇಲೆ ನಾನು ಗೌಸಸಾಬನ ಮೇಲೆ ರೇಗಿದೆ. "ನಿನ್ನ ಹಿತ್ತಲ ಕಲ್ಲು, ನೀ ಹಚ್ಚಿದ ಬಣ್ಣ. ಎತ್ತಿ ಇಡಾಕ ಏನ ಧಾಡಿ?"

"ನಾ ಬಣ್ಣಾ ಹಚ್ಚಿದ್ದು ಕಲ್ಲಿಗರಿ ಮಾಸ್ತರ್ರ," ಎಂದ ಗೌಸಸಾಬ. "ಈಗ ಅದು ಕಲ್ಲ ಅಲ್ಲ. ಮಂದಿ ಕೈ ಮುಗಿಯೂದನ್ನ ನಾ ಹ್ಯಾಂಗ ಎತ್ತಲಿ? ನಾಳೆ ಒಬ್ಬಾಕಿ ಬಂದು ಖಾಲಿ ಜಾಗಾ ನೋಡಿ ಕಣ್ಣೀರ ಹಾಕಿದ್ರ, ನನ್ನ ದಂಡಿಗೆ ಸಾವಿರ ಮಂದಿ ಬಂದ್ರೂ ನನಗ ಊಟಾ ಇಳಿಯೂದಿಲ್ಲ."

ನನಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಾನುಬಿಯೇ ಗಂಡನಿಗೆ ದಾರಿ ತೋರಿಸಿದಳು. "ಕುಂತು ಕೊರಗಿದ್ರ ಏನ ಬಂತು? ದೀಪಾ ಹಚ್ಚೂ ಲಗಮವ್ವನ್ನ ಹೋಗಿ ಕೇಳ್ರಿ."

ಸಂಜೆ ಲಗಮವ್ವ ಮನೆಯ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದಾಗ ಗೌಸಸಾಬ ಹೋಗಿ ಕಟ್ಟೆಯ ಕೆಳಗೆ ಕೂತ. ನಾನೂ ಜೊತೆಗಿದ್ದೆ. ಅವನು ಮೊದಲಿನಿಂದ ಎಲ್ಲವನ್ನೂ ಹೇಳಿದ. ಕಲ್ಲು ತನ್ನ ಹಿತ್ತಲಿನದು, ಬಣ್ಣ ಬಳಿದವನು ತಾನು ಎಂಬುದನ್ನೂ ಬಿಡಲಿಲ್ಲ.

"ಗೊತ್ತೈತಿ ತಗೋ," ಎಂದಳು ಲಗಮವ್ವ. "ನೀ ಬಣ್ಣಾ ಹಚ್ಚೂವಾಗ ನಾ ಅಲ್ಲೇ ಎಮ್ಮಿ ಮೈ ತೊಳ್ಯಾಕ ಹತ್ತಿದ್ನಿ."

"ಮತ್ತ ದೀಪಾ ಹಚ್ಚತೀಯಲ್ಲಬೇ?"

"ಎಲ್ಲಾ ದೇವ್ರೂ ಮೊದಲ ಯಾರದೋ ಹಿತ್ತಲದಾಗಿನ ಕಲ್ಲಪಾ. ಮುಗದ ಕೈ ದೊಡ್ಡವು." ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಅವಳೇ ಮುಂದುವರಿಸಿದಳು. "ಕಿತ್ತ ಒಗದ್ರ ತಪ್ಪು. ಹೊಳಿಗೆ ಕರಕೊಂಡ ಹೋದ್ರ ಏನ ತಪ್ಪು? ಊರೂರ ದೇವ್ರು ಪಲ್ಲಕ್ಕ್ಯಾಗ ಕುಂತು ಹೊಳಿಗೆ ಹೋಗೂದಿಲ್ಲೇನು? ಇಕಿ ದಂಡಿ ಯಲ್ಲವ್ವ. ದಂಡಿ ದೂರ ಸರದ್ರ ಇಕಿ ಮಾತ್ರ ಮರದ ಬುಡಕ ಕುಂತು ಏನ ಮಾಡಬೇಕು?"

ಪುರಾಣ, ಪುಣ್ಯಕಥೆ ಅಂತ ಏನೇನೋ ಓದಿಕೊಂಡವನು ನಾನು. ಇಷ್ಟು ಸರಳ ದಾರಿ ನನಗೆ ಸಿಗಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಮಂಗಳವಾರ ಬೆಳಿಗ್ಗೆ ಹೆಂಗಸರು ಕೊಡ ಹಿಡಿದು ಬಂದರು, ಚೌಡಕಿ ಬಾರಿಸುವವರು ಬಂದರು. ಕಲ್ಲು ಎತ್ತಲು ಸಂಗಪ್ಪ ಧೋತರ ಎತ್ತಿ ಕಟ್ಟಿ ಮುಂದೆ ಬಂದ. ಗೌಸಸಾಬ ಎಲ್ಲರ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

ಲಗಮವ್ವ ಸಂಗಪ್ಪನನ್ನು ತಡೆದಳು. "ನೀ ಸರಿಯೋ. ಮೊದಲ ಹೊತ್ತ ತಂದಾವ ಇರೂವಾಗ ನಿಂದೇನು? ಗೌಸಸಾಬ, ಬಾ ಇಲ್ಲೆ."

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಸಂಗಪ್ಪ ತನ್ನ ಹೆಗಲ ಮೇಲಿನ ವಸ್ತ್ರ ತೆಗೆದು ಸಿಂಬೆ ಸುತ್ತಿ ಗೌಸಸಾಬನ ತಲೆಯ ಮೇಲಿಟ್ಟ. ನಾಲ್ಕು ಕೈ ಸೇರಿ ಕಲ್ಲು ಏರಿಸಿದವು. ಭಂಡಾರ ಅವನ ಗಡ್ಡದ ಮೇಲೆಲ್ಲ ಉದುರಿತು. "ಉಧೋ ಉಧೋ" ಎಂದು ಹೆಂಗಸರು ಕೂಗಿದರು. ಹಳೇ ಊರಿನ ಕಲ್ಲುಹಾಸಿನ ಮೇಲೆ ಅವನು ನಿಧಾನ ಹೆಜ್ಜೆಯಿಡುತ್ತ ಹೋಗುವುದನ್ನು ನೋಡಿ ನನ್ನ ಕಣ್ಣು ತುಂಬಿ ಬಂದವು. ಇದನ್ನು ಮುಚ್ಚಿಡುವುದೇಕೆ?

ಆ ವಾರದ ಕೊನೆಗೆ ಬಣ್ಣಬಣ್ಣದ ದೋಣಿಗಳು ಹಳದಿ ಕಲ್ಲನ್ನೇ ಗುರಿಯಾಗಿಟ್ಟು ಬಂದವು. ಗೌಸಸಾಬ ಮೊಣಕಾಲುದ್ದ ನೀರಿಗಿಳಿದು ಒಂದೊಂದೇ ದೋಣಿಯ ಮೂತಿ ಹಿಡಿದು ಎಳೆದ. "ಬಂದ್ರಿ? ಆರಾಮ ಅದೀರಿ?" ಎಂದು ಒಬ್ಬೊಬ್ಬರನ್ನೂ ಕೇಳಿದ. ಬೆಂಗಳೂರಿನವರೊಬ್ಬರು ತಾವು ಅವನಿಗೆ ಮೊದಲೇ ಪರಿಚಯವೇ ಎಂದು ಗಾಬರಿಯಾದರು. ಬಾನುಬಿಯ ರೊಟ್ಟಿ ಸಾಲದೆ ಅಕ್ಕಪಕ್ಕದ ಮನೆಗಳಿಂದ ತರಬೇಕಾಯಿತು.

ಅವರೆಲ್ಲ ಮುಂದಿನೂರಿಗೆ ಹೊರಟ ಮೇಲೆ ಲಗಮವ್ವ ದೀಪದೊಡನೆ ಬಂದಳು. ದೀಪ ಹಚ್ಚಿ, ಏಳಲು ಗೌಸಸಾಬನ ಕೈ ಹಿಡಿದುಕೊಂಡಳು.

"ನೀರ ಇನ್ನೂ ಸರೀತಾವ," ಎಂದಳು. "ಸರದಂಗ ಇಕಿನ್ನ ಕೆಳಗ ಒಯ್ಯಿ. ಮಳಿಗಾಲಕ್ಕ ಏರಿದಂಗ ಮ್ಯಾಲ ತಗೊಂಡ ಬಾ. ನನಗ ವಯಸ್ಸಾತು, ಮುಂದಿನ ಮಳಿಗೆ ನಾ ಇರತೇನೋ ಇಲ್ಲೋ. ನಾ ಇರದಿದ್ರೂ ನಮ್ಮವ್ವ ನೀರಾಗ ಮುಳಗಬಾರದು. ನಿನಗ ಒಪ್ಪಿಸೇನಿ ನೋಡು."

ಗೌಸಸಾಬ ಹಿಡಿದ ಕೈ ಬಿಡದೆ, "ಆತಬೇ," ಎಂದ.