ಜಗಲಿಯ ಮೇಲಿನ ಮೊದಲ ಕೀಲಿ

ಬೆಳಗಿನ ಬಾಂಗು ಮುಗಿದರೂ ಮಳೆ ಮುಗಿದಿಲ್ಲ. ಜಾಂಜಿಬಾರ್ ದ್ವೀಪಕ್ಕೆ ಇದು ದೊಡ್ಡ ಮಳೆಯ ಕಾಲ. ಸಮುದ್ರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂಬುದು ಇವತ್ತು ಮೇಲಿನವನಿಗಷ್ಟೇ ಗೊತ್ತು. ವಿಮಾನ ನಿಲ್ದಾಣದ ಹೊರಗೆ, ಸೂರಿನಡಿಯ ಕಲ್ಲಿನ ಜಗಲಿಯ ಮೇಲೆ ಜುವೇನಾ ಮಕಾಮೆ 'ಬಿಸ್ಮಿಲ್ಲಾ' ಎಂದು ತಮ್ಮ ಟ್ಯಾಕ್ಸಿಯ ಕೀಲಿ ಇಡುತ್ತಾರೆ. ಇಲ್ಲಿ ಕೀಲಿಗಳ ಸಾಲೇ ಸರದಿ. ಮೊದಲು ಬಂದವರ ಕೀಲಿ ಮೊದಲು, ಮೊದಲ ಕೀಲಿಗೆ ಮೊದಲ ಪ್ರಯಾಣಿಕ. ಇವತ್ತು ಜುವೇನಾ ಅವರೇ ಮೊದಲು.

ನಮಾಜು ಮುಗಿಸಿ ಹಿರಿಯ ಚಾಲಕ ಉಸ್ಸಿ ಹಾಜಿ ಬರುತ್ತಾರೆ. "ಏನವ್ವ ಜುವೇನಾ, ಅಡುಗೆಮನೆ ಕೀಲಿ ಇಲ್ಲಿಗ್ಯಾಕೆ ಬಂತು?" ಎನ್ನುತ್ತಾ ಒಂದೇ ಬೆರಳಿನಿಂದ ಅದನ್ನು ಸಾಲಿನ ಕೊನೆಗೆ ತಳ್ಳುತ್ತಾರೆ.

"ನಿಮ್ಮ ಬಾಯಿಗೆ ಹಾಕೋ ಬೀಗದ್ದು, ಮಾವ."

ಜಗಲಿ ತುಂಬ ನಗು. ಜುವೇನಾ ಕೀಲಿಯನ್ನು ಮತ್ತೆ ಮುಂದಕ್ಕೆ ತರುತ್ತಾರೆ. ನಗು ಅಡಗುವಷ್ಟರಲ್ಲಿ ಅದು ಮತ್ತೆ ಕೊನೆಗೆ ಹೋಗಿರುತ್ತದೆ. ಎರಡು ಮಳೆಗಾಲದಿಂದ ಇದೇ ನಡೆದಿದೆ.

ಟ್ಯಾಕ್ಸಿ ಗಂಡ ಫಾಕಿ ಅವರದು. ಲವಂಗದ ಮರದಿಂದ ಬಿದ್ದು ಸೊಂಟ ಹೋದ ಮೇಲೆ ಅವರು ಹೆಂಡತಿಗೆ ಅಂಗಳದಲ್ಲೇ ಗಾಡಿ ಕಲಿಸಿದರು. "ಅವರು ಚಾಪೆ ಮೇಲೆ ಮಲಗಿ ಕೂಗೋರು, ನಾನು ಹಿಂದಕ್ಕೆ ಬಿಟ್ಟು ಕೋಳಿಗೂಡು ಕೆಡವಿದೆ. ಕೋಳಿಗಳು ಇವತ್ತಿಗೂ ನನ್ನ ಕಂಡ್ರೆ ಓಡ್ತವೆ," ಎಂದು ನಗುತ್ತಾರೆ ಜುವೇನಾ. ಸಾಲಿನ ಕೊನೆಯವರಿಗೆ ಮಧ್ಯಾಹ್ನದವರೆಗೆ ಒಬ್ಬರು ಸಿಕ್ಕರೆ ಹೆಚ್ಚು. ಬಂದ ಶಿಲ್ಲಿಂಗು ಪೆಟ್ರೋಲಿಗೇ ಸರಿ. ಈದ್ ಕಳೆದ ಮೇಲೆ ಗಾಡಿ ಮಾರಿಬಿಡೋಣ ಎನ್ನುತ್ತಿದ್ದಾರೆ ಫಾಕಿ.

"ಮಾರಲ್ಲ," ಎನ್ನುತ್ತಾರೆ ಜುವೇನಾ. "ಹೆಚ್ಚಿಗೆ ಏನೂ ಕೇಳ್ತಿಲ್ಲ. ನನ್ನ ಸರದಿ ನನಗೆ ಕೊಡಲಿ, ಸಾಕು."

ಅಷ್ಟರಲ್ಲಿ ಪೆಂಬಾ ದ್ವೀಪದ ಪುಟ್ಟ ವಿಮಾನ ಇಳಿಯುತ್ತದೆ. ಒದ್ದೆ ಬಟ್ಟೆಯ ಮುದುಕಿಯೊಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಾರೆ. ಹೆಸರು ಮಿಜೆ, ಹಳೇ ಪೇಟೆಯಲ್ಲಿ ಅಕ್ಕ ತೀರಿಕೊಂಡಿದ್ದಾರೆ. ಸಾವಿನ ಮನೆಗೆ ಹೊರಟವರನ್ನು ಮೊದಲ ಕೀಲಿಯವರೇ ಒಯ್ಯಬೇಕು, ಬಾಡಿಗೆ ಕೇಳುವಂತಿಲ್ಲ. ಹೋದವರು ಬರುವ ತನಕ ಅವರ ಜಾಗ ಖಾಲಿಯೇ ಇರಬೇಕು, ಹಿಂದಿನ ಗಾಡಿಗಳು ಕದಲುವಂತಿಲ್ಲ. ಇದು ಜಗಲಿಯ ಕಟ್ಟಳೆ.

ಇನ್ನು ಸ್ವಲ್ಪ ಹೊತ್ತಿಗೆ ಪ್ರವಾಸಿಗರ ದೊಡ್ಡ ವಿಮಾನ. ಉಸ್ಸಿ ಒಮ್ಮೆ ಆಕಾಶ ನೋಡುತ್ತಾರೆ, ಒಮ್ಮೆ ಮುದುಕಿಯನ್ನು. ಆಮೇಲೆ ಕೊನೆಯ ಕೀಲಿಯನ್ನು ಎತ್ತಿ ತಾವೇ ಮೊದಲಿಗೆ ಇಡುತ್ತಾರೆ. "ನಿಂದೇ ಮೊದಲು ಕಣವ್ವ. ಹೊರಡು."

ಬಿಟ್ಟಿ ಬಾಡಿಗೆ ಅವಳಿಗೆ, ದೊಡ್ಡ ವಿಮಾನ ನಮಗೆ ಎಂದು ಯಾರೋ ಕಿಸಕ್ಕೆಂದು ನಗುತ್ತಾರೆ. ಜುವೇನಾ ನಗುವುದಿಲ್ಲ. "ನೀವೇ ಅಂದ್ರಿ ಮಾವ. ಇಷ್ಟು ಜನರ ಮುಂದೆ," ಎಂದು ಕೀಲಿ ತೆಗೆದುಕೊಳ್ಳುತ್ತಾರೆ.

ರಸ್ತೆ ಹೊಳೆಯಾಗಿದೆ. "ನಿಧಾನ ಮಗಳೇ... ಅಲ್ಲಲ್ಲ, ಬೇಗ ಬಿಡು. ಅಕ್ಕನ್ನ ಎತ್ತಿಬಿಡ್ತಾರೆ," ಎನ್ನುತ್ತಾರೆ ಮಿಜೆ.

"ನೀವು ಮುಖ ನೋಡದೆ ಎತ್ತಲ್ಲ, ತಾಯಿ. ಗಟ್ಟಿಯಾಗಿ ಹಿಡ್ಕೊಳ್ಳಿ."

ದರಾಜಾನಿ ಮಾರುಕಟ್ಟೆಯಿಂದಾಚೆ ಗಾಡಿ ಹೋಗುವುದಿಲ್ಲ. ಹಳೇ ಪೇಟೆಯ ಓಣಿಗಳು ಕತ್ತೆಗಾಡಿಗಷ್ಟೇ ಅಗಲ. ಜುವೇನಾ ಮುದುಕಿಯ ರಟ್ಟೆ ಹಿಡಿದು ಮೊಣಕಾಲು ನೀರಿನಲ್ಲಿ ನಡೆಸಿಕೊಂಡು ಹೋಗುತ್ತಾರೆ. ಶವ ಇನ್ನೂ ಮನೆಯಲ್ಲಿದೆ. ಮಿಜೆ ಒಳಗೆ ಹೋಗುತ್ತಾರೆ. ಈಗಲೇ ಓಡಿದರೆ ದೊಡ್ಡ ವಿಮಾನದ ಹೊತ್ತಿಗೆ ಜಗಲಿ ಸೇರಬಹುದಿತ್ತು. ಆದರೆ ಸಾವಿನ ಮನೆಗೆ ಕರೆತಂದವರು ಹೊಸ್ತಿಲಿನಿಂದಲೇ ಮರಳಬಾರದು, ಕೂತು ಪ್ರಾರ್ಥಿಸಬೇಕು. ನೆತ್ತಿಯ ಮೇಲೆ ದೊಡ್ಡ ವಿಮಾನ ಗುಡುಗುತ್ತಾ ಇಳಿಯುತ್ತದೆ. ಜುವೇನಾ ತಲೆಯೆತ್ತುವುದಿಲ್ಲ. ಬಿಡಿಸಿದ ಅಂಗೈಗಳು ಹಾಗೇ ಇವೆ. ಒಂದಕ್ಷರವನ್ನೂ ಅವಸರಿಸದೆ ಪ್ರಾರ್ಥನೆ ಮುಗಿಸಿಯೇ ಏಳುತ್ತಾರೆ.

ಮರಳಿದಾಗ ಮಳೆ ಸಣ್ಣದಾಗಿದೆ. ಜಗಲಿಯ ಮುಂದೆ ಪೆಟ್ಟಿಗೆ ಹಿಡಿದ ಪ್ರವಾಸಿಗರ ಸಾಲು. ಒಂದು ಟ್ಯಾಕ್ಸಿಯೂ ಕದಲಿಲ್ಲ. ಚಾಲಕನೊಬ್ಬ ಗೊಣಗುತ್ತಿದ್ದಾನೆ: "ಎಷ್ಟು ಹೊತ್ತು ಅಂತ ಕಾಯೋದು ಮಾವ? ಈಗ ನಿಮ್ಮದೇ ತಾನೆ ಮೊದಲು, ಹೋಗಬಾರದಿತ್ತಾ?"

"ಸಾವಿನ ಮನೆಗೆ ಹೋದವಳ ಜಾಗ ಕಣೋ ಅದು. ಬಾಯಿ ಮುಚ್ಚು."

ಜುವೇನಾ ಕೀಲಿ ಚಾಚುತ್ತಾರೆ. ಉಸ್ಸಿ ಅದನ್ನು ತೆಗೆದುಕೊಂಡು, ಎಲ್ಲರೂ ಕಾಣುವಂತೆ ತಮ್ಮ ಕೀಲಿಗಿಂತ ಮುಂದೆ ಇಡುತ್ತಾರೆ. ಮುಂದೆ ನಿಂತ ಪ್ರಯಾಣಿಕರತ್ತ ಗದ್ದದಿಂದ ಸನ್ನೆ ಮಾಡಿ, ಅದೇ ಕೀಲಿಯನ್ನು ಎತ್ತಿ ಜುವೇನಾ ಅವರ ಅಂಗೈಯಲ್ಲಿಡುತ್ತಾರೆ.