ಆಯಿಗೆ ಹೇಳಿದ ಥ್ಯಾಂಕ್ಯೂ

ಸೊಸೆ ರೊಟ್ಟಿ ಸುಡುವ ವಾಸನೆಗೆ ನಿಲಂಗಾ ಊರಿನ ಆಯಿ ನೆನಪಾದಳು. ತಾಯಿಯಿಲ್ಲದ ನನ್ನನ್ನು ಸಾಕಿದ ಅಜ್ಜಿ. ಆಗ ನಿಜಾಮರ ಕಾಲ. ಯಾರು ಏನು ಕೊಟ್ಟರೂ ‘ಥ್ಯಾಂಕ್ಯೂ’ ಎನ್ನುವುದು ಇಂಗ್ಲಿಷರ ರೀತಿ ಎಂದು ಉರ್ದು ಶಾಲೆಯ ಮಾಸ್ತರರು ಕಲಿಸಿದ್ದರು. ಆಯಿ ತಾಟಿಗೆ ಬಿಸಿ ರೊಟ್ಟಿ ಹಾಕಿದಾಗ ಹಾಗೇ ಅಂದೆ. “ನಿಂದು ಉಪಕಾರ ಆಯ್ತು ಅಂತ ಅರ್ಥ” ಎಂದು ಜಂಬದಿಂದ ವಿವರಿಸಿದೆ.

ಅವಳ ಕೈ ನಿಂತಿತು. “ಉಪಕಾರ? ನಾ ನಿನಗ ಹೊರಗಿನಾಕಿ ಆದ್ನೇನೋ?”

ಅಂದಿನಿಂದ ರೊಟ್ಟಿ ಹಾಕಿದವಳೇ ಗೋಡೆಯತ್ತ ತಿರುಗಿಬಿಡುತ್ತಿದ್ದಳು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ.

ಮುಂದೊಂದು ದಿನ ಜ್ವರದಲ್ಲಿ ಮಲಗಿದವಳಿಗೆ ಚಮಚದಿಂದ ನೀರು ಹಾಕಿದೆ. ಕಣ್ಣು ತೆರೆದು “ಥ್ಯಾಂಕೂ” ಅಂದಳು. ಅದೇ ಅವಳ ಕೊನೆಯ ಮಾತು.

ಈಗ ಮರಿಮಗಳು ತಾಟು ತಂದಿಟ್ಟು, “ಥ್ಯಾಂಕ್ಯೂ ಅನ್ರಿ, ಮುತ್ತ್ಯಾ” ಎಂದಳು. ನಾನು ಗೋಡೆಯತ್ತ ತಿರುಗಿದೆ.