ನಾಯಿಯ ನಾಡಿ ಹಿಡಿಯುವ ಐವಿ

ಬೆಳಗಿನ ಐದೂವರೆ. ಬ್ರಾಕೆನ್‌ಹೋಪ್ ಊರಿನ ಕಲ್ಲುಮನೆಗಳಲ್ಲಿ ಇನ್ನೂ ಒಂದು ದೀಪವೂ ಹತ್ತಿಲ್ಲ. ಗುಡ್ಡದತ್ತ ಏರುವ ಡಾಂಬರು ರಸ್ತೆಯಲ್ಲಿ ಐವಿ ಟ್ವೆಡಲ್ ನಡೆಯುತ್ತಿದ್ದಾರೆ. ಎಡಗೈಯಲ್ಲಿ ಚರ್ಮದ ಪಟ್ಟಿ, ಅದರ ತುದಿಗೆ ಹೊಗೆಬಣ್ಣದ, ಒರಟು ಕೂದಲಿನ, ನೀಳಕಾಲಿನ ಹೆಣ್ಣುನಾಯಿ. ಐವಿ ನಾಯಿಯನ್ನು ನೋಡುತ್ತಿಲ್ಲ. ತಲೆ ತುಸು ವಾರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಾರೆ. ಡಾಂಬರಿನ ಮೇಲೆ ಉಗುರುಗಳ ಸದ್ದು ಟಕ್ ಟಕ್ ಟಕ್ ಟಕ್ ಎಂದು ಒಂದೇ ಸಮ ಬರಬೇಕು. ನಾಲ್ಕರಲ್ಲಿ ಒಂದು ಮೆತ್ತಗಾದರೂ ಆ ಕಾಲಿಗೆ ಏನೋ ಆಗಿದೆ ಎಂದರ್ಥ.

“ಬಲ ಹಿಂಗಾಲು ಎಳೀತಿದೀಯಲ್ಲೇ ಪುಟ್ಟಾ” ಎಂದು ಐವಿ ನಿಲ್ಲುತ್ತಾರೆ. ಮಂಡಿಯೂರುವಾಗ ಅವರದೇ ಮಂಡಿ ಲಟಕ್ಕೆನ್ನುತ್ತದೆ. ಬೆರಳುಗಳ ಸಂದಿಯಿಂದ ಕಡಲೆಕಾಳಿನಷ್ಟು ಕಲ್ಲೊಂದು ಹೊರಬರುತ್ತದೆ. ಐವಿಗೆ ಎಲ್ಲರೂ ಪುಟ್ಟಾನೇ. ನಾಯಿಯೂ ಪುಟ್ಟಾ, ಟ್ರ್ಯಾಕ್ಟರ್ ಓಡಿಸುವ ಎಪ್ಪತ್ತರ ಮುದುಕನೂ ಪುಟ್ಟಾ, ಚರ್ಚಿನ ಪಾದ್ರಿಯೂ ಪುಟ್ಟಾ.

ಐವಿಗೆ ಈಗ ಅರವತ್ತಮೂರು. ಇಪ್ಪತ್ತಾರು ವರ್ಷ ಈ ಕಣಿವೆಯಲ್ಲಿ ಮನೆಮನೆಗೆ ನಡೆದು ಅಂಚೆ ಹಂಚಿದವರು. ನಾಲ್ಕು ಸಲ ನಾಯಿ ಕಚ್ಚಿಸಿಕೊಂಡಿದ್ದಾರೆ. ಕೆಲಸ ಬಿಟ್ಟ ಮೇಲೆ ಕಾಲು ಸುಮ್ಮನಿರಲಿಲ್ಲ. ಹನ್ನೊಂದು ವರ್ಷಗಳಿಂದ ಅವರ ಬಳಿ ಬರುತ್ತಿರುವುದು ಲರ್ಚರ್ ನಾಯಿಗಳು: ಓಟಕ್ಕೆ ಗ್ರೇಹೌಂಡ್ ರಕ್ತ, ಗಟ್ಟಿತನಕ್ಕೆ ಟೆರಿಯರ್ ರಕ್ತ ಬೆರೆತ ಬೆರಕೆ ಜಾತಿ. ಹೊಲಗಳಲ್ಲಿ ಮೊಲ ಹಿಡಿದು ಬದುಕುವವರ ಬಲಗೈ ಇವು. ಬೇಸಿಗೆಯಲ್ಲಿ ಕೆಲಸವಿಲ್ಲದೆ ಮೈ ಸಡಿಲಾದ ನಾಯಿಗಳನ್ನು ಚಳಿಗಾಲದ ಬೇಟೆಗೆ ಅಣಿಗೊಳಿಸುವುದು ಐವಿಯ ಕೆಲಸ.

ಈ ಸಲ ಬಂದವಳು ಈ ಹೊಗೆಬಣ್ಣದ ನೆಟಲ್. ಅವಳ ಯಜಮಾನ ಕಿಟ್ ಎಮರ್ಸನ್ ಮೇ ತಿಂಗಳಲ್ಲಿ ಗೋಡೆ ಹತ್ತಲು ಹೋಗಿ ಬಿದ್ದು ಕಾಲು ಮುರಿದುಕೊಂಡ. ಅವನು ಮೂರು ತಿಂಗಳು ಮಂಚ ಹಿಡಿದಾಗ ನಾಯಿ ಅವನ ತಾಯಿಯ ಪಾಲಾಯಿತು. ಆ ತಾಯಿಗೆ ಕೈ ಬಿಗಿ ಹಿಡಿದು ಗೊತ್ತಿಲ್ಲ. ಕಡುಬಿನ ಅಂಚು, ಬಿಸ್ಕತ್ತು, ಬೆಣ್ಣೆ ಸವರಿದ ಬ್ರೆಡ್ಡು. ಆಗಸ್ಟ್ ಮೊದಲ ವಾರ ಐವಿಯ ಅಂಗಳಕ್ಕೆ ಬಂದಾಗ ನೆಟಲ್ ಮೂರೂವರೆ ಕಿಲೋ ಹೆಚ್ಚು ತೂಗುತ್ತಿದ್ದಳು.

“ಪಕ್ಕೆಲುಬು ಹುಡುಕ್ದೆ, ಸಿಗಲಿಲ್ಲ” ಎನ್ನುತ್ತಾರೆ ಐವಿ. “ಕೊನೇ ಮೂರು ಎಲುಬು ಕಣ್ಣಿಗೆ ಕಾಣ್ಬೇಕು. ನಾಲ್ಕನೇದು ಕಂಡ್ರೆ ಉಪವಾಸ ಕೆಡವಿದೀವಿ ಅಂತ. ಇದಕ್ಕೆ ಒಂದೂ ಇರಲಿಲ್ಲ, ಬರೀ ದಿಂಬು.”

ಲೆಕ್ಕ ಎಂಟು ವಾರದ್ದು. ಮೊದಲ ಮೂರು ವಾರ ಓಟದ ಮಾತೇ ಇಲ್ಲ, ಬರೀ ಡಾಂಬರಿನ ಮೇಲೆ ನಡಿಗೆ. ಅಂಗಾಲು ಗಟ್ಟಿಯಾಗಬೇಕು, ಉಗುರು ಸವೆಯಬೇಕು. ಎರಡು ಮೈಲಿಯಿಂದ ಆರು ಮೈಲಿಗೆ. ಆಮೇಲೆ ಗುಡ್ಡ. ಏರುವಾಗ ತೊಡೆ ತುಂಬಿಕೊಳ್ಳುತ್ತದೆ, ಇಳಿಯುವಾಗ ಭುಜ. ಐದನೇ ವಾರದಿಂದ ಪಟ್ಟಿ ಬಿಚ್ಚಿ ಚಿಕ್ಕ ಚಿಕ್ಕ ಓಟ. ವಾರಕ್ಕೆ ಎರಡು ದಿನ ಪೂರ್ತಿ ವಿಶ್ರಾಂತಿ. ಚೆಂಡು ಎಸೆಯುವುದು ಐವಿಗೆ ಆಗದು: ಗಕ್ಕನೆ ತಿರುಗಿ ಬೆರಳು ಮುರಿದುಕೊಂಡ ನಾಯಿಗಳನ್ನು ಕಂಡಿದ್ದಾರೆ. ದಿನಾ ಬೆಳಿಗ್ಗೆ ನಾಯಿ ಏಳುವ ಮೊದಲೇ ತೊಡೆಯ ಒಳಮಗ್ಗುಲಿಗೆ ಎರಡು ಬೆರಳಿಟ್ಟು ನಾಡಿ ಎಣಿಸುತ್ತಾರೆ. ಬಂದ ಮರುದಿನ ನೆಟಲ್‌ಗೆ ತೊಂಬತ್ತಾರು, ಅದು ಎಪ್ಪತ್ತಕ್ಕೆ ಇಳಿಯಬೇಕು.

ಓಡಲೆಂದೇ ಹುಟ್ಟಿದ ಪ್ರಾಣಿಗೆ ಇಷ್ಟೆಲ್ಲ ಯಾಕೆ ಎಂದು ಜನ ಕೇಳುತ್ತಾರೆ. ಐವಿಯ ಉತ್ತರ ಒಂದೇ. “ಅದು ಓಡತ್ತೆ. ಮೈಯಲ್ಲಿ ಶಕ್ತಿ ಇಲ್ದಿದ್ರೂ ಓಡತ್ತೆ. ನಿಲ್ಸೋದು ಅದಕ್ಕೆ ಗೊತ್ತಿಲ್ಲ. ಅದೇ ಕಷ್ಟ.”

ಇದು ಅವರು ಯಾರಿಂದಲೋ ಕೇಳಿ ಕಲಿತದ್ದಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ತಂದೆಯ ನಾಯಿ ಫ್ಲೈಯನ್ನು ಹೊಲಕ್ಕೆ ಕರೆದೊಯ್ದಿದ್ದರು. ಮದುವೆ ಗೊತ್ತಾಗಿದ್ದ ಹುಡುಗ ಜೊತೆಗಿದ್ದ, ಅವನೆದುರು ನಾಯಿಯ ಓಟ ತೋರಿಸುವ ಆಸೆ. ಫ್ಲೈ ಮರಿ ಹಾಕಿ ಆರು ವಾರವಾಗಿತ್ತಷ್ಟೆ. ಸೆಪ್ಟೆಂಬರಿನ ಬಿಸಿಲು ಬೇರೆ. ನಾಯಿ ಐದು ಸಲ ಓಡಿತು, ಐದು ಸಲವೂ ಬಾಲ ಆಡಿಸಿಕೊಂಡೇ ವಾಪಸ್ ಬಂತು. ಸಂಜೆಗೆ ಹಿಂಗಾಲು ಸೆಟೆದುಕೊಂಡವು, ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ನಾಯಿ ಆ ರಾತ್ರಿ ದಾಟಲಿಲ್ಲ.

“ಅಪ್ಪ ಒಂದ್ ಮಾತೂ ಬೈಲಿಲ್ಲ. ಹಿತ್ಲಲ್ಲಿ ಗುಂಡಿ ತೋಡಿ ಒಳಗ್ ಹೋದ್ರು. ಬೈದಿದ್ರೆ ಚೆನ್ನಾಗಿತ್ತು.” ಐವಿ ಹದಿನೈದು ವರ್ಷ ನಾಯಿ ಸಾಕಲಿಲ್ಲ. ಆದರೆ ಪಶುವೈದ್ಯರ ಮನೆಗೆ ಅಂಚೆ ಕೊಡುವಾಗಲೆಲ್ಲ ಬಾಗಿಲಲ್ಲೇ ನಿಂತು ಒಂದೊಂದು ಪ್ರಶ್ನೆ ಕೇಳುತ್ತಿದ್ದರು. ಈಗಿನ ವಿದ್ಯೆಯೆಲ್ಲ ಆ ಬಾಗಿಲಲ್ಲಿ ಕಲಿತದ್ದು.

ಐದನೇ ವಾರದ ಕೊನೆಗೆ ಕಿಟ್ ಬಂದ. ಕುಂಟು ಪೂರ್ತಿ ಹೋಗಿರಲಿಲ್ಲ. ಕುರಿಗಳನ್ನು ಸಾಕಿರುವ ಮಾರ್ಜರಿ ಫೆದರ್‌ಸ್ಟೋನ್ ಅವರ ಹುಲ್ಲುಗಾವಲಿನಲ್ಲಿ ಮೊಲಗಳು ಬಿಲ ತೋಡಿ ಕಲ್ಲಿನ ಗೋಡೆಗಳು ಕುಸಿಯುತ್ತಿದ್ದವು. ಕಿಟ್ ಸೋಮವಾರ ಮೊಲ ಹಿಡಿಯಲು ಶುರು ಮಾಡದಿದ್ದರೆ ವಿಷದ ಹೊಗೆ ಬಿಡುವವರನ್ನು ಕರೆಸುವುದಾಗಿ ಆಕೆ ಹೇಳಿದ್ದರು. ಕಿಟ್‌ಗೆ ಅದು ಇಡೀ ಚಳಿಗಾಲದ ಕೆಲಸ.

“ನಾಯಿ ಕೊಡು ಐವಿ. ಚೆನ್ನಾಗೇ ಕಾಣ್ತಿದಾಳೆ.”

“ಕಾಣ್ತಾಳೆ. ನೀನೂ ಕಾಣ್ತೀಯ.”

“ನಾಯಿ ನಂದು.”

“ನಿಂದೇ. ಬೆಳಿಗ್ಗೆ ಗುಡ್ಡ ಹತ್ತಿ ಬರೋಣ ಬಾ. ಬಂದ್ಮೇಲೂ ಬೇಕು ಅಂದ್ರೆ ತಗೊಂಡ್ ಹೋಗು.”

ಮರುದಿನ ಮೂವರೂ ಗುಡ್ಡ ಹತ್ತಿದರು. ತುದಿಯಲ್ಲಿ ಐವಿ ನಾಯಿಯನ್ನು ಬಿಟ್ಟರು. ನೆಟಲ್ ಇಳಿಜಾರಿನಲ್ಲಿ ಬಾಣದಂತೆ ಹೋಗಿ ದೊಡ್ಡ ಸುತ್ತು ಹಾಕಿ ಬಂದು ನಿಂತಳು. ನೋಡಲು ಚಂದವಾಗಿತ್ತು. ಐವಿ ಗಡಿಯಾರ ನೋಡುತ್ತ ಕಿಟ್‌ನ ಬೆರಳುಗಳನ್ನು ನಾಯಿಯ ತೊಡೆಯ ಒಳಮಗ್ಗುಲಿಗೆ ಇಟ್ಟರು. ಹದಗೊಂಡ ನಾಯಿಯ ನಾಡಿ ಇಳಿಯಬೇಕಾದ ಐದು ನಿಮಿಷವಾಯಿತು. ಹತ್ತಾಯಿತು. ಹನ್ನೆರಡಾದರೂ ನಾಡಿ ಬೆರಳಡಿ ಗುದ್ದುತ್ತಲೇ ಇತ್ತು, ನಾಯಿಯ ಕಣ್ಣು ಮಾತ್ರ ಇನ್ನೊಂದು ಓಟಕ್ಕೆ ಹಾತೊರೆಯುತ್ತಿತ್ತು.

ಕಿಟ್ ಬೆರಳು ತೆಗೆದ. ಐವಿ ಅವನ ಮಣಿಕಟ್ಟನ್ನೂ ಹಿಡಿದು ಎಣಿಸಿದರು.

“ನಿಂದೇ ನೂರಾ ಮೂವತ್ತಿದೆ. ನಿಂಗೂ ಎಂಟು ವಾರ ಬೇಕು ಪುಟ್ಟಾ.”

ಕಿಟ್ ಅಲ್ಲೇ ಕಲ್ಲಿನ ಮೇಲೆ ಕೂತು ನಗಲು ಶುರುಮಾಡಿದ. ಆಮೇಲೆ ಮಾರ್ಜರಿಗೆ ಫೋನು ಮಾಡಿದ. ಸೋಮವಾರ ಬರುತ್ತೇನೆ, ಆದರೆ ನಾಯಿ ಇಲ್ಲದೆ, ಬಲೆ ಮತ್ತು ಫೆರೆಟ್ ಮಾತ್ರ ಎಂದ. ಬಿಲದೊಳಗೆ ನುಗ್ಗಿ ಮೊಲವನ್ನು ಹೊರಕ್ಕಟ್ಟುವ ಮುಂಗುಸಿಯಂಥ ಪ್ರಾಣಿ ಫೆರೆಟ್. ನಾಯಿ ಇಲ್ಲದಿದ್ದರೆ ಬಲೆ ತಪ್ಪಿಸಿದ ಮೊಲ ಪಾರಾದಂತೆಯೇ. ಮಾರ್ಜರಿ ಗೊಣಗಿದರು. ಮೂರು ವಾರ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದರು. ಕಿಟ್ ಕುಂಟುತ್ತಲೇ ಬಲೆ ಹಾಸಿದ. ಅರ್ಧಕ್ಕರ್ಧ ಮೊಲ ಕೈತಪ್ಪಿದವು.

ಅಕ್ಟೋಬರ್ ಮೊದಲ ಗುರುವಾರ, ತಣ್ಣನೆಯ ಬೆಳಗು. ನೆಟಲ್‌ಳ ನಾಡಿ ಎಪ್ಪತ್ತು, ಎಲುಬು ಮೂರು. ಐವಿ ಹೊಲಕ್ಕೆ ಇಳಿಯುವ ಮೊದಲು ಅವಳನ್ನು ಅರ್ಧ ಮೈಲಿ ನಡೆಸಿ ಮೈ ಬೆಚ್ಚಗಾಗಿಸಿದರು. ಗೋಡೆಯ ಬುಡದ ಬಿಲಕ್ಕೆ ಕಿಟ್ ಫೆರೆಟ್ ಬಿಟ್ಟ. ಮೊಲವೊಂದು ಬಲೆ ಇಲ್ಲದ ಬಾಯಿಂದ ಚಿಮ್ಮಿ ಗುಡ್ಡದ ಏರಿಗೆ ಓಡಿತು. ನೆಟಲ್ ಹೋದಳು. ಏರಿನಲ್ಲಿ ಮೊಲ ಎರಡು ಸಲ ತಿರುಗಿತು, ಎರಡು ಸಲವೂ ಅವಳು ಜೊತೆಗೇ ತಿರುಗಿ, ಮೇಲಿನ ಗೋಡೆಗೆ ಮೂರು ಮಾರು ಇರುವಾಗ ಬಾಯಿ ಹಾಕಿದಳು. ಅದನ್ನು ತಂದು ಕಿಟ್‌ನ ಕೈಗೇ ಇಟ್ಟಳು.

ಮಾರ್ಜರಿ ಮೊಲವನ್ನು ನೋಡಿದರು, ಐವಿ ಗಡಿಯಾರವನ್ನು. ನಾಲ್ಕೂವರೆ ನಿಮಿಷಕ್ಕೆ ನಾಡಿ ಹದಕ್ಕೆ ಬಂತು. ಐವಿ ಕಂಬಳಿ ಹೊದಿಸಿ ಗುಟುಕು ಗುಟುಕಾಗಿ ನೀರು ಕುಡಿಸಿದರು. ಎರಡು ತಾಸಿನಲ್ಲಿ ಆರು ಓಟ, ಐದು ಮೊಲ. ಏಳನೆಯದಕ್ಕೆ ನೆಟಲ್ ತುದಿಗಾಲಲ್ಲಿ ನಿಂತಿದ್ದಳು. ಐವಿ ಕಿಟ್‌ನತ್ತ ನೋಡುವ ಮೊದಲೇ ಅವನು ಪಟ್ಟಿ ಹಾಕಿದ್ದ.

“ಇವತ್ತಿಗೆ ಸಾಕು” ಎಂದ.

ಗೇಟಿನ ಬಳಿ ಚಹಾ ಸುರಿಯುತ್ತ ಮಾರ್ಜರಿ ಕೇಳಿದರು: “ನಿನ್ನ ಕೈಲಿ ತಯಾರಾದ ನಾಯಿಗಳಲ್ಲಿ ಹೆಸರು ಮಾಡಿದ್ದು ಯಾವ್ದು ಐವಿ?”

ಐವಿ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದರು.

“ಹೆಸರು ಮಾಡಿದ್ದು ಒಂದೂ ಇಲ್ಲ. ಇವಳೂ ಸೇರಿ ಮೂವತ್ತೊಂದು. ಕೆಲವು ಈಗ ಹಲ್ಲಿಲ್ಲದ ಮುದಿಗೊಡ್ಡು, ಒಲೆ ಮುಂದೆ ಬಿದ್ಕೊಂಡು ಗೊರಕೆ ಹೊಡೀತಿರ್ತವೆ. ಆಗಾಗ ಹೋಗಿ ಕೇಳಿಸ್ಕೊಂಡು ಬರ್ತೀನಿ.”